ಕಬ್ಬಿನ ವಿಮಾನಕ್ಕೆ ಛತ್ರಿ ಹಿಡಿದ ದಿನಗಳು

ನಮ್ಮ ಓಣಿಯ ಸುಜಾತಾ ಮೊನ್ನೆ ಡ್ರೋನ್ ಹಾರಿಸುವ ತರಬೇತಿ ಮುಗಿಸಿ ಚಿಕ್ಕೋಡಿಗೆ ಬಂದಳು. ಬಂದವಳು ಮನೆಗೂ ಹೋಗದೆ ನನ್ನ ಕಟ್ಟೆಯ ಮೇಲೆ ಕುಳಿತು, 'ಕಾಕಾ, ನಿಮ್ಮ ಕಾಲದಾಗ ಪಂಪ್ ಬೆನ್ನಿಗೆ ಕಟ್ಟಿಕೊಂಡ ಬೆಳಿಗೆ ಎಣ್ಣಿ ಹೊಡೀತಿದ್ರಂತಲ್ಲ' ಎಂದಳು. ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಅವಳ ದನಿಯಲ್ಲಿ ನನ್ನ ಬಗ್ಗೆ ಬಹಳ ಕನಿಕರವಿತ್ತು. ನಾನು ಎಲೆ ಅಡಿಕೆ ಪಕ್ಕಕ್ಕಿಟ್ಟು, 'ನಾವು ವಿಮಾನದಿಂದ ಹೊಡಿಸ್ತಿದ್ದಿವಿ' ಎಂದೆ. ಅವಳು ನಕ್ಕಳು. ವಯಸ್ಸಾದವರು ಹೀಗೆ ಹೇಳುವುದುಂಟು ಎನ್ನುವ ನಗು ಅದು. ಒಳಗಿನಿಂದ ನನ್ನ ಹೆಂಡತಿ, ಖರೇನೇ ಹೇಳುತ್ತಿದ್ದಾರೆ, ಆ ವಿಮಾನದ ದೆಸೆಯಿಂದಲೇ ಇವರ ನೌಕರಿ ಒಂದು ವರ್ಷ ತೂಗುಯ್ಯಾಲೆಯಲ್ಲಿತ್ತು ಎಂದು ಕೂಗಿ ಹೇಳಿದ ಮೇಲೆ ಅವಳಿಗೆ ನಂಬಿಕೆ ಬಂತು.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಸುಜಾತಾಳಿಗೆ, ಅವಳಂತೆ ಮೊಬೈಲಿನಷ್ಟೇ ಸಲೀಸಾಗಿ ಆಕಾಶವನ್ನು ಕೈಯಲ್ಲಿ ಹಿಡಿದುಕೊಂಡು ಈ ಕೆಲಸಕ್ಕೆ ಇಳಿಯುವವರಿಗೆ. ನಾನು ಕೃಷಿ ಸಹಾಯಕನಾಗಿ ಸೇರಿ ಅದರ ಮೇಲಿನ ಒಂದೆರಡು ಮೆಟ್ಟಿಲು ಹತ್ತಿ ನಿವೃತ್ತನಾದವನು. ಆ ಮೆಟ್ಟಿಲುಗಳ ಕಥೆ ಯಾರಿಗೂ ಬೇಡ. ನನ್ನ ಒಂದು ಜಾಣತನದಿಂದ ಸಿದ್ದಪ್ಪನೆಂಬ ಕುರಿಗಾಹಿಯ ಇಡೀ ಹಿಂಡು ಸಾವಿನ ಬಾಯಿಯವರೆಗೆ ಹೋಗಿತ್ತಲ್ಲ, ಅದನ್ನು ಹೇಳಬೇಕು. ಆ ಹಿಂಡು ಬಿಟ್ಟರೆ ಸಿದ್ದಪ್ಪನಿಗೆ ಹೊಲವಿರಲಿಲ್ಲ, ಬೇರೆ ದುಡಿಮೆ ಇರಲಿಲ್ಲ.

ನಾನು ನೌಕರಿಗೆ ಸೇರಿದ ಹೊಸತು. ಆ ವರ್ಷ ಕೃಷ್ಣೆಯ ದಂಡೆಯ ಕಬ್ಬಿಗೆ ಜಿಗಿಹುಳ ಬಿದ್ದಿತ್ತು. ಅಂಕಲಿಯಿಂದ ಏಕಸಂಬಿಯವರೆಗೆ ಗರಿಗಳೆಲ್ಲ ಅಂಟಂಟಾಗಿ ಕಪ್ಪು ಹಿಡಿದಿದ್ದವು. ಆಳೆತ್ತರ ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗಿದವನು ಔಷಧವನ್ನು ಹುಳಕ್ಕಿಂತ ಹೆಚ್ಚಾಗಿ ತಾನೇ ಕುಡಿದು ಹೊರಬರುತ್ತಿದ್ದ. ಮೇಲಿನವರು ವಿಮಾನ ಕಳಿಸುವುದೆಂದು ನಿರ್ಧರಿಸಿದರು. ಊರ ಹೊರಗಿನ ಮಡ್ಡಿಯ, ಅಂದರೆ ಕಲ್ಲುನೆಲದ ದಿನ್ನೆಯ ಮೇಲೆ ಕಲ್ಲು ಆರಿಸಿ, ರೋಲರ್ ಎಳೆದು, ವಿಮಾನ ಇಳಿಯಲು ಒಂದು ದಾರಿ ಮಾಡಿದೆವು.

ಬಂದದ್ದು ಹಳದಿ ಬಣ್ಣದ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮುಂದೆ ಔಷಧದ ತೊಟ್ಟಿ, ಅದರ ಹಿಂದೆ ಒಬ್ಬನೇ ಕೂಡುವ ಗೂಡು. ಅಮೆರಿಕದಲ್ಲಿ ಹೊಲದ ಕೆಲಸಕ್ಕೆಂದೇ ಮಾಡಿದ್ದು. ಬಾಗಿಲಿಗೆ ಬಂದ ಹೊಸ ಟ್ರ್ಯಾಕ್ಟರಿಗೆ ಮಾಡುವಂತೆ ನಮ್ಮ ಹೆಣ್ಣುಮಕ್ಕಳು ಅದರ ಮುಂದಿನ ಪಂಖಕ್ಕೆ ಅರಿಶಿನ ಕುಂಕುಮ ಹಚ್ಚಿ ಆರತಿ ಬೆಳಗಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಬಾಳಪ್ಪಜ್ಜ ಎಂಬ ಹಿರಿಯ ರೈತರು ಅದರ ಸುತ್ತ ಎರಡು ಸಲ ತಿರುಗಿ, ಎತ್ತಿನ ಹಲ್ಲು ನೋಡುವವರಂತೆ ಬಗ್ಗಿ ನೋಡಿ, ದಿನಕ್ಕೆ ಎಷ್ಟು ಎಕರೆ ಎಳೆಯುತ್ತದೆ ಎಂದು ವಿಚಾರಿಸಿದರು. ಹೇಳಿದಾಗ, 'ಹಂಗಾರ ಮೇವು ಭಾಳ ತಿಂತೈತಿ' ಎಂದು ತೀರ್ಪು ಕೊಟ್ಟರು. ಪೆಟ್ರೋಲಿನ ಡ್ರಮ್ಮುಗಳನ್ನು ನೋಡಿದ ಮೇಲೆ ಅವರ ಮಾತು ನಿಜವೆಂದು ನಮಗೂ ತಿಳಿಯಿತು.

ವಿಮಾನ ತಂದವರು ಜಾಧವ ಕ್ಯಾಪ್ಟನ್ನರು. ಪುಣೆಯ ಕಡೆಯವರು, ಮರಾಠಿಯ ನಡುವೆ ನಡುವೆ ಕನ್ನಡ ಹಾಕಿ ಮಾತಾಡುತ್ತಿದ್ದರು. ಅಮೆರಿಕದಲ್ಲಿ ಎರಡು ಹಂಗಾಮು ಇದೇ ಕೆಲಸ ಮಾಡಿ ಕಲಿತು ಬಂದವರು. ಮೊದಲ ದಿನ ಇಳಿದವರೇ, ಇಲ್ಲಿ ಸಾಹೇಬರು ಯಾರು ಎಂದು ಕೇಳಿದರು. ನಮ್ಮ ಕಡೆ ಇದು ಕೇಳಬಾರದ ಪ್ರಶ್ನೆ. ನನ್ನ ಹೆಸರು ರಾವಸಾಹೇಬ, ಜೀಪಿನ ಡ್ರೈವರ್ ಅಣ್ಣಾಸಾಹೇಬ, ಔಷಧ ಕಲಸಲು ಬಂದವನು ಬಾಬಾಸಾಹೇಬ. ನಾವು ಮೂವರೂ ಮುಂದೆ ಬಂದೆವು. ನಿಜವಾದ ಅಧಿಕಾರಿಗಳಾದ ದೇಸಾಯಿಯವರು ಹಿಂದೆ ನೆರಳಲ್ಲಿ ಖುರ್ಚಿಯ ಮೇಲೆ ಕುಳಿತಿದ್ದರು. ಅವರ ಹೆಸರಿನಲ್ಲಿ ಮಾತ್ರ ಸಾಹೇಬ ಇರಲಿಲ್ಲ. ಆ ಸಿಟ್ಟು ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ದೇಸಾಯಿಯವರು ನಕಾಶೆಯ ಮನುಷ್ಯ. ತಾಲೂಕಿನ ಒಂದೊಂದು ಸರ್ವೇ ನಂಬರೂ ಅವರ ನಾಲಿಗೆಯ ತುದಿಯಲ್ಲಿತ್ತು, ಆದರೆ ಬದುವಿನ ಮೇಲೆ ಅವರ ಬೂಟಿನ ಗುರುತು ಯಾರೂ ಕಂಡಿದ್ದಿಲ್ಲ. ನಕಾಶೆಯ ಮೇಲೆ ಕೆಂಪು ಪೆನ್ಸಿಲಿನಿಂದ ಚೌಕ ಹಾಕಿ, 'ಇಷ್ಟ ಕಬ್ಬು, ಇಷ್ಟಕ್ಕ ಹೊಡೀರಿ' ಎಂದು ನನ್ನ ಕೈಗೆ ಕೊಟ್ಟರು.

ಕೆಲಸದ ರೀತಿ ಹೀಗಿತ್ತು. ಬೆಳಗಾಗುತ್ತಲೇ, ಗಾಳಿ ಏಳುವ ಮೊದಲು ಹೊಡೆಯಬೇಕು. ಹೊಲದ ಎರಡೂ ತುದಿಯಲ್ಲಿ ಒಬ್ಬೊಬ್ಬರು ಉದ್ದ ಬಿದಿರಿಗೆ ಬಿಳಿ ಬಾವುಟ ಕಟ್ಟಿ ಎತ್ತಿ ಹಿಡಿಯಬೇಕು. ವಿಮಾನ ಬಾವುಟದಿಂದ ಬಾವುಟಕ್ಕೆ ಗರಿ ತಾಗುವಷ್ಟು ಕೆಳಗೆ ಬಂದು ಹೊಡೆದು ಹೋಗುತ್ತದೆ. ಅದು ತಿರುಗಿ ಬರುವುದರೊಳಗೆ ನಾವು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಇಪ್ಪತ್ತು ಹೆಜ್ಜೆ ಸರಿದು ನಿಲ್ಲಬೇಕು. ಇದನ್ನೆಲ್ಲ ಹೇಳುವ ಅಮೆರಿಕದ ಒಂದು ಕೈಪಿಡಿ ಕ್ಯಾಪ್ಟನ್ನರ ಬಳಿ ಇತ್ತು. ಅದರಲ್ಲಿ ಒಂದು ಚಿತ್ರ. ಕಣ್ಣು ಹಾಯುವವರೆಗೆ ಗೋಧಿ, ಅದರ ಅಂಚಿನಲ್ಲಿ ಬಾವುಟ ಹಿಡಿದ ಒಬ್ಬನೇ ಒಬ್ಬ ಮನುಷ್ಯ. ಮೈಲಿಗಟ್ಟಲೆ ಇನ್ನೊಂದು ನರಪಿಳ್ಳೆ ಇಲ್ಲ.

ಮೊದಲ ದಿನ ನಾನು ಬಾವುಟ ಎತ್ತಿದೆ. ವಿಮಾನ ನೇರ ಬರುತ್ತಾ ಬರುತ್ತಾ ಸೊಟ್ಟಗಾಯಿತು, ಮೇಲೇರಿತು, ಒಂದು ಸುತ್ತು ಹಾಕಿತು, ಮತ್ತೆ ಬಂತು, ಮತ್ತೆ ಮೇಲೇರಿ ಒಂದು ಹನಿಯೂ ಬಿಡದೆ ಮಡ್ಡಿಗೆ ಹೋಗಿ ಇಳಿಯಿತು. ಓಡಿಹೋಗಿ ನೋಡಿದರೆ ಕ್ಯಾಪ್ಟನ್ನರು ತಲೆಗೆ ಕೈ ಹಚ್ಚಿ ಕುಳಿತಿದ್ದರು. ನೀವು ಎಷ್ಟು ಜನ ಬಾವುಟ ಹಿಡಿದಿದ್ದೀರಿ ಎಂದು ಕೇಳಿದರು. ಇಬ್ಬರು ಎಂದೆ. ಮೇಲಿನಿಂದ ಇನ್ನೂರು ಕಂಡವು ಎಂದರು. ಹೌದು, ವಿಮಾನ ನೋಡಲು ಸುತ್ತಲಿನ ಊರುಗಳ ಗಂಡಸರು ಬದುವಿನುದ್ದಕ್ಕೂ ನಿಂತಿದ್ದರು. ಎಲ್ಲರ ಹೆಗಲ ಮೇಲೂ ಬಿಳಿ ಟವೆಲು. ವಿಮಾನ ಕಂಡೊಡನೆ, ಬಸ್ಸಿಗೆ ಕೈ ಮಾಡುವಂತೆ, ನಮ್ಮ ಹೊಲಕ್ಕೂ ಬಾ ಎಂದು ಅಷ್ಟೂ ಜನ ಟವೆಲು ಬೀಸಿದ್ದರು.

ಬಾವುಟದ ಬಣ್ಣ ಬದಲಿಸೋಣವೆಂದೆವು. ಕೆಂಪು ಎಂದರೆ ಕಬ್ಬಿನ ಕಳೆ ತೆಗೆಯುವ ಹೆಂಗಸರ ಸೀರೆ. ಹಳದಿ ಎಂದರೆ ಗುಡಿಯ ನಿಶಾನೆ. ಹಸಿರು ಕಬ್ಬಿನೊಳಗೆ ಹಸಿರು ಕಾಣುವುದಿಲ್ಲ. ಆಗ ನನ್ನ ತಲೆ ಓಡಿತು. ಕಪ್ಪು! ಶುಭದ ದಿನ ಯಾರೂ ಕಪ್ಪು ಬೀಸುವುದಿಲ್ಲ. ಕಪ್ಪು ಛತ್ರಿ ಬಿಚ್ಚಿ ಬಿದಿರಿಗೆ ಕಟ್ಟಿದರೆ ಮೇಲಿನಿಂದ ದುಂಡಗೆ ಕಾಣುತ್ತದೆ, ಕೆಳಗೆ ನಿಂತವನ ತಲೆಯ ಮೇಲೆ ಔಷಧವೂ ಬೀಳುವುದಿಲ್ಲ. ನಿಪ್ಪಾಣಿಯ ಪೇಟೆಗೆ ಹೋಗಿ ಛತ್ರಿ ತಂದೆ. ದೇಸಾಯಿಯವರು ಅಪರೂಪಕ್ಕೆ ನನ್ನ ಬೆನ್ನು ತಟ್ಟಿದರು. ನಾಲ್ಕು ದಿನ ಕೆಲಸ ಗಡಿಯಾರದಂತೆ ನಡೆಯಿತು. ನನ್ನ ಹೆಗಲು ನಾಲ್ಕು ಬೆರಳು ಮೇಲೇರಿತ್ತು.

ಬಿಸಿಲೇರಿ ಗಾಳಿ ಎದ್ದ ಮೇಲೆ ಹಾರುವಂತಿಲ್ಲ. ಆಗ ರೆಕ್ಕೆಯ ನೆರಳಲ್ಲಿ ಕುಳಿತು ಚಹಾ ಕುಡಿಯುತ್ತಾ ಕ್ಯಾಪ್ಟನ್ನರು ಅಮೆರಿಕದ ಕಥೆ ಹೇಳುತ್ತಿದ್ದರು. ವಿಮಾನದ ಇತಿಹಾಸವನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ನೆರಳಿನಿಂದ. ಮೊದಲು ಹಾರಿದವರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅಣ್ಣತಮ್ಮಂದಿರು ಎಂದರು. ಬಾಳಪ್ಪಜ್ಜ ನಂಬಲಿಲ್ಲ. 'ನಮ್ಮ ಚಿಕ್ಕೋಡ್ಯಾಗ ಸೈಕಲ್ ಅಂಗಡಿ ರಗಡ ಅದಾವ. ಸಂಜೀತನಕ ಪಂಕ್ಚರ್ ತಗಿಯೂದರಾಗ ಅವರಿಗೆ ಸೊಂಟ ಎತ್ತಾಕ ಆಗೂದಿಲ್ಲ, ಹಾರತಾರಂತ' ಎಂದರು. ಆ ಅಣ್ಣತಮ್ಮಂದಿರು ಮದುವೆಯೇ ಆಗಲಿಲ್ಲ ಎಂದು ಕ್ಯಾಪ್ಟನ್ನರು ಹೇಳಿದ ಮೇಲೆ, ಹಾಗಾದರೆ ಪುರುಸೊತ್ತು ಸಿಕ್ಕಿರಬಹುದು ಎಂದು ಒಪ್ಪಿದರು.

ಮೊದಲನೆಯ ದೊಡ್ಡ ಯುದ್ಧ ಮುಗಿದ ಮೇಲೆ ಸೈನ್ಯದ ವಿಮಾನಗಳು ಅಲ್ಲಿ ಅಗ್ಗಕ್ಕೆ ಬಿಕರಿಯಾದವಂತೆ. ಕೆಲಸವಿಲ್ಲದ ಪೈಲಟ್ಟುಗಳು ಅವನ್ನು ಕೊಂಡು ಊರೂರು ತಿರುಗಿ, ದನ ಮೇಯುವ ಹುಲ್ಲುಗಾವಲಿನಲ್ಲಿ ಇಳಿದು, ರೈತರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸಿ ಹೊಟ್ಟೆ ಹೊರೆಯುತ್ತಿದ್ದರಂತೆ. ರಾತ್ರಿ ಅದೇ ರೆಕ್ಕೆಯ ಕೆಳಗೆ ಮಲಗುತ್ತಿದ್ದರಂತೆ. ಇದನ್ನು ಕೇಳಿದ್ದೇ ತಡ, ನಮ್ಮವರು ಒಂದು ಸುತ್ತಿಗಾಗಿ ಸಾಲು ಹಚ್ಚಿದರು. ಇದರಲ್ಲಿ ಒಂದೇ ಸೀಟು ಎಂದು ತಿಳಿಸಿ ಹೇಳಲು ಎರಡು ದಿನ ಹಿಡಿಯಿತು. ಔಷಧದ ತೊಟ್ಟಿ ಖಾಲಿ ಇದ್ದಾಗ ಅದರಲ್ಲಿ ಕೂಡುತ್ತೇನೆ ಎಂದವರೂ ಇದ್ದರು.

ಟಪಾಲು ಒಯ್ಯುವ ವಿಮಾನಗಳ ಕಥೆ ನನಗೆ ಬಹಳ ಹಿಡಿಸಿತ್ತು. ಕತ್ತಲಲ್ಲಿ ಅವು ದಾರಿ ತಪ್ಪಬಾರದೆಂದು ರೈತರು ತಮ್ಮ ಹೊಲಗಳಲ್ಲಿ ಬೆಂಕಿ ಹಾಕಿ ಕಾಯುತ್ತಿದ್ದರಂತೆ. ಆಮೇಲೆ ಸರಕಾರವೇ ದೇಶದ ಈ ತುದಿಯಿಂದ ಆ ತುದಿಯವರೆಗೆ ನೆಲದ ಮೇಲೆ ಸಿಮೆಂಟಿನ ದೊಡ್ಡ ದೊಡ್ಡ ಬಾಣದ ಗುರುತು ಮಾಡಿಸಿತಂತೆ. ಬೆಳೆಗೆ ವಿಮಾನದಿಂದ ಔಷಧ ಹಾಕಿದ್ದೂ ಅಲ್ಲೇ ಮೊದಲು. ಒಂದು ತೋಪಿನ ಮರಗಳಿಗೆ ಕಂಬಳಿಹುಳ ಬಿದ್ದಾಗ ಸೈನ್ಯದ ವಿಮಾನದಿಂದ ಪುಡಿ ಉದುರಿಸಿ ನೋಡಿದರಂತೆ. ಈಗ ಎಷ್ಟೋ ರೈತರ ಮನೆಯ ಹಿಂದೆ, ನಮ್ಮಲ್ಲಿ ಟ್ರ್ಯಾಕ್ಟರು ನಿಲ್ಲುವಂತೆ, ವಿಮಾನವೇ ನಿಂತಿರುತ್ತದಂತೆ. 'ಬದುವಿನ ತಕರಾರು ಅಲ್ಲೆ ಇರಾಕಿಲ್ಲ ಬಿಡ್ರಿ' ಎಂದರು ಬಾಳಪ್ಪಜ್ಜ. ನಾವೆಲ್ಲ ನಕ್ಕೆವು. ಆ ಮಾತಿನಲ್ಲಿ ಎಷ್ಟು ಅರ್ಥವಿತ್ತೆಂದು ನನಗೆ ಗೊತ್ತಾದದ್ದು ಐದನೆಯ ದಿನ.

ಐದನೆಯ ದಿನ ಅಂಕಲಿಯ ಹತ್ತಿರ, ಹೊಳೆಯ ಕಡೆಯ ಪಟ್ಟಿ. ದೇಸಾಯಿಯವರ ನಕಾಶೆಯಲ್ಲಿ ಕಬ್ಬಿನ ಪಕ್ಕದ ಹೊಲ ಖಾಲಿ ಇತ್ತು. ಖಾಲಿ ಎಂದರೆ ಅಲ್ಲಿ ಬೆಳೆ ಇರಲಿಲ್ಲ, ಅಷ್ಟೇ. ನಮ್ಮಲ್ಲಿ ಬೆಳೆ ತೆಗೆದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡ್ರಿಸುತ್ತಾರೆ. ಹಿಂದಿನ ಸಂಜೆಯೇ ಸಿದ್ದಪ್ಪ ತನ್ನ ಹಿಂಡು ತಂದು ಅಲ್ಲಿ ಬಿಡಾರ ಹೂಡಿದ್ದ. ಔಷಧ ಹೊಡೆಯುವ ಕಡೆ ದನಕರು ಬಿಡಬೇಡಿ ಎಂದು ಊರಲ್ಲಿ ನಾನು ಡಂಗುರ ಸಾರಿಸಿದ್ದೆ. ಊರಲ್ಲಿ! ಅಡವಿಯಲ್ಲಿ ಮಲಗುವ ಕುರಿಯವರಿಗೆ ಊರಿನ ಡಂಗುರ ಹೇಗೆ ಕೇಳಬೇಕು? ಅದು ನನಗೆ ಹೊಳೆಯಲೇ ಇಲ್ಲ.

ಆ ದಿನ ಮೋಡ ಕವಿಯುತ್ತಿತ್ತು. ಮಳೆ ಬರುವುದರೊಳಗೆ ಮುಗಿಸಬೇಕೆಂದು ಕ್ಯಾಪ್ಟನ್ನರಿಗೆ ಅವಸರ. ನಾನು ಈ ತುದಿಯ ಬದುವಿನ ಮೇಲೆ ಬಿದಿರು ಹಿಡಿದು ನಿಂತಿದ್ದೆ. ವಿಮಾನದ ಸದ್ದಿಗೆ ಕುರಿಗಳು ಬೆದರಿ ದಿಕ್ಕಾಪಾಲಾಗಿ ಓಡಿದವು. ಮಳೆಗಾಲದಲ್ಲಿ ನಮ್ಮ ಕುರಿಯವರ ಅಂಗಿಯ ಕಾಲರಿಗೆ ಹಿಂದೆ ಯಾವಾಗಲೂ ಒಂದು ಛತ್ರಿ ತೂಗುಬಿದ್ದಿರುತ್ತದೆ. ಹಿಂಡು ಚದುರಿದಾಗ ಅವರು ಮಾಡುವ ಮೊದಲ ಕೆಲಸ, ಛತ್ರಿಯನ್ನು ಫಟ್ಟನೆ ಬಿಚ್ಚಿ ಎತ್ತಿ ಆಡಿಸುತ್ತಾ ಕುರಿಗಳಿಗೆ ಅಡ್ಡ ಹೋಗುವುದು. ಇದು ಚಿಕ್ಕಂದಿನಿಂದ ನಾನು ಕಂಡದ್ದೇ. ನಿಪ್ಪಾಣಿಯ ಪೇಟೆಯಲ್ಲಿ ಛತ್ರಿ ಆರಿಸುವಾಗ ಮಾತ್ರ ನೆನಪಾಗಲಿಲ್ಲ. ಸಿದ್ದಪ್ಪ ಛತ್ರಿ ಬಿಚ್ಚಿದ. ಮೇಲಿನಿಂದ ಕ್ಯಾಪ್ಟನ್ನರಿಗೆ, ತಮ್ಮ ಮನುಷ್ಯ ಪಕ್ಕಕ್ಕೆ ಸರಿದು ಕರೆಯುತ್ತಿದ್ದಾನೆ ಎಂದು ಕಂಡಿತು. ವಿಮಾನ ಆ ಕಡೆ ವಾಲಿತು. ಬಿಳಿಯ ಮಂಜಿನಂತೆ ಔಷಧ ಹಿಂಡಿನ ಮೇಲೆ ಇಳಿಯಿತು.

ನಾನು ಬಿದಿರು ಎಸೆದು ಓಡಿದೆ. ಸಿದ್ದಪ್ಪ ಮರಿಗಳ ಮೇಲೆ ಛತ್ರಿ ಹಿಡಿದು ಕುಳಿತಿದ್ದ. ಕುರಿಗಳು ಸೀನುತ್ತಿದ್ದವು. ಡಬ್ಬಿಯ ಮೇಲೆ ಬರೆದದ್ದು ಒಂದೇ ನನಗೆ ತಿಳಿದಿತ್ತು: ಮೈಗೆ ತಾಗಿದರೆ ಕೂಡಲೆ ತೊಳೆಯಿರಿ. 'ಮಾಮಾ, ಹುಲ್ಲಿಗೆ ಬಾಯಿ ಹಾಕಾಕ ಬಿಡಬ್ಯಾಡ, ಹೊಳಿಗೆ ಹೊಡಿ' ಎಂದೆ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು. ಟವೆಲು ಬೀಸಲು ಬಂದಿದ್ದ ಜನವೆಲ್ಲ ಓಡಿ ಬಂದರು. ಒಬ್ಬೊಬ್ಬರು ಒಂದೊಂದು ಕುರಿಯನ್ನು ಹಿಡಿದು ಕೃಷ್ಣೆಯ ನೀರಿಗೆ ಇಳಿದೆವು. ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯುವುದು ನಮ್ಮವರಿಗೆ ಗೊತ್ತಿದ್ದ ಕೆಲಸವೇ, ಆದರೆ ಅಂಥ ಅವಸರದಲ್ಲಿ ಯಾರೂ ತೊಳೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ಜೀಪು ಬಂತು. ಕ್ಯಾಪ್ಟನ್ನರು ಬೂಟು ಬಿಚ್ಚದೆ ನೀರಿಗೆ ಇಳಿದು ಒಂದು ಟಗರನ್ನು ತಬ್ಬಿ ಹಿಡಿದರು. ಅದು ಅವರನ್ನು ಎರಡು ಸಲ ಕೆಡವಿತು. ಯಾರೂ ನಗಲಿಲ್ಲ.

ಚಿಕ್ಕೋಡಿಯಿಂದ ದನದ ಡಾಕ್ಟರು ಬಂದು, ಜೊಲ್ಲು ಸುರಿಸುತ್ತಿದ್ದ ಕುರಿಗಳಿಗೆ ಸೂಜಿ ಹಾಕಿದರು. ಇಳಿಹೊತ್ತಿನೊಳಗೆ ಒಂದು ತಾಯಿಕುರಿ, ಎರಡು ಮರಿ ಸತ್ತವು. ಉಳಿದವು ನಿಂತಿದ್ದವು, ಆದರೆ ನಾಳೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಸಿದ್ದಪ್ಪ ಸತ್ತ ಮರಿಗಳನ್ನು ಕಂಬಳಿಯ ಮೇಲೆ ಮಲಗಿಸಿ ಕ್ಯಾಪ್ಟನ್ನರ ಕಡೆ ತಿರುಗಿದ. ಅವನ ದನಿ ಏರಿರಲಿಲ್ಲ.

'ಮ್ಯಾಲಿಂದ ನಾ ಕಾಣ್ಲಿಲ್ಲೇನ್ರಿ ಸಾಹೇಬ್ರ?'

ಕ್ಯಾಪ್ಟನ್ನರು ತಮ್ಮ ಹರಕು ಕನ್ನಡದಲ್ಲಿ, 'ಕಂಡಿ. ಆದ್ರ ನಮ್ಮ ಮನಷ್ಯಾ ಅಂತ ತಿಳದೆ' ಎಂದರು.

'ಮತ್ತ ನಾ ಯಾರ ಮನಷ್ಯಾ ಅದನ್ರಿ?'



ಮರುದಿನ ಬೆಳಿಗ್ಗೆ ದೇಸಾಯಿಯವರು ನನ್ನನ್ನು ಕಚೇರಿಗೆ ಕರೆಸಿ ವರದಿ ಬರೆಸಿದರು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಡಂಗುರ ಸಾರಿದ್ದರೂ ಸದರಿ ಕುರಿಗಾಹಿಯು ನಿಷೇಧಿತ ಪ್ರದೇಶದೊಳಗೆ ಅತಿಕ್ರಮಿಸಿ, ಛತ್ರಿ ತೋರಿಸಿ, ಪೈಲಟ್ಟರನ್ನು ದಾರಿ ತಪ್ಪಿಸಿದ್ದಾನೆ. ಸದರಿಯವನಿಗೆ ಯಾವ ಪರಿಹಾರವೂ ಸಲ್ಲದು. ಅಷ್ಟಕ್ಕೆ ನಿಲ್ಲಿಸಿ, ಕೆಳಗೆ ಸಹಿ ಮಾಡು ಎಂದರು. ನಾನಿನ್ನೂ ಕಾಯಂ ಆಗಿರಲಿಲ್ಲ. ಮೂರು ತಿಂಗಳು ಉಳಿದಿದ್ದವು.

ನಿಜ ಹೇಳುತ್ತೇನೆ, ಪೆನ್ನು ಕಾಗದದ ಮೇಲೆ ಊರಿ ಬಹಳ ಹೊತ್ತು ಕುಳಿತೆ. ಶೂರನಾಗಿ ಎದ್ದು ನಿಂತೆ ಎಂದು ಬರೆದರೆ ನನ್ನ ಹೆಂಡತಿ ಓದಿ ನಗುತ್ತಾಳೆ. ಆದರೆ ಹಿಂದಿನ ದಿನ ಹೊಳೆಯಲ್ಲಿ ನಾನು ತೊಳೆದ ಕುರಿಯೇ ಆ ಸತ್ತ ತಾಯಿಕುರಿ. ಸಹಿಯ ಜಾಗ ಬಿಟ್ಟು ಕೆಳಗೆ ನನ್ನ ಮಾತಿನಲ್ಲಿ ಬರೆದೆ: ಛತ್ರಿ ನನ್ನ ಬುದ್ಧಿ. ಕುರಿಯವರಲ್ಲಿ ಛತ್ರಿ ಇರುವುದು ನನಗೆ ಗೊತ್ತಿತ್ತು. ಹೊಲದಲ್ಲಿ ಮಲಗುವವರಿಗೆ ನಾನು ತಿಳಿಸಿರಲಿಲ್ಲ. ಹೊಲ ಖಾಲಿ ಇರಲಿಲ್ಲ.

ದೇಸಾಯಿಯವರು ಓದಿದರು. 'ರಾವಸಾಹೇಬ, ನಿನಗ ನೌಕರಿ ಬ್ಯಾಡಾಗೈತೇನಪಾ?' ಎಂದರು. ಸಿಟ್ಟಿಗಿಂತ ಹೆಚ್ಚು ಆಶ್ಚರ್ಯವಿತ್ತು. ಆ ಹೊತ್ತಿಗೆ ಕ್ಯಾಪ್ಟನ್ನರು ಒಳಗೆ ಬಂದರು. ಕಾಗದ ಇಸಿದುಕೊಂಡು ಓದಿಸಿ ಕೇಳಿ, ತಾವೂ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದರು. ಔಷಧ ಬಿಡುವ ಮೊದಲು ಹೊಲದ ಮೇಲೆ ಒಂದು ಸುತ್ತು ಖಾಲಿ ಹಾರಿ ಕೆಳಗೆ ಯಾರಿದ್ದಾರೆಂದು ನೋಡಬೇಕೆಂದು ಅಮೆರಿಕದಲ್ಲಿ ಮೊದಲ ದಿನವೇ ಕಲಿಸಿದ್ದರು, ಮಳೆಯ ಅವಸರದಲ್ಲಿ ನಾನದನ್ನು ಬಿಟ್ಟೆ, ಎಂದು. ಸಹಿ ಮಾಡಿ, ಪೆನ್ನು ನನಗೆ ಕೊಟ್ಟು, ಮರಾಠಿಯಲ್ಲಿ ದೇಸಾಯಿಯವರಿಗೆ ಒಂದು ಮಾತು ಹೇಳಿದರು. ಆ ಕೈಪಿಡಿಯ ಚಿತ್ರದಲ್ಲಿ ಜನ ಇಲ್ಲ ಸಾಹೇಬ, ಇಲ್ಲಿ ಜನರಿಲ್ಲದ ಮೊಳ ಜಾಗವೂ ಇಲ್ಲ ಎಂದು. ನಾನು ಸಹಿ ಮಾಡಿದೆ.

ನನ್ನ ಕಾಯಮಾತಿ ಒಂದು ವರ್ಷ ಮುಂದೆ ಹೋಯಿತು. ಸಿದ್ದಪ್ಪನಿಗೆ ಸತ್ತ ಕುರಿಗಳ ಪರಿಹಾರ ಬಂತು, ಬಹಳ ತಡವಾಗಿ, ಆದರೆ ಬಂತು. ಉಳಿದ ಕುರಿಗಳು ಬದುಕಿಕೊಂಡವು. ಛತ್ರಿಗಳನ್ನು ಬಿಟ್ಟು ಕೈಗನ್ನಡಿ ಹಿಡಿದೆವು. ಬಿಸಿಲು ತಾಗಿ ಫಳ್ ಎಂದರೆ ವಿಮಾನಕ್ಕೆ ಕಾಣುತ್ತಿತ್ತು, ಬೇರೆ ಯಾರೂ ಹೊಲಕ್ಕೆ ಕನ್ನಡಿ ತರುವುದಿಲ್ಲ. ಮೋಡವಿದ್ದ ದಿನ ರಜೆ. ಮುಂದೆ ರಾಯಬಾಗ, ಕಾಗವಾಡದ ಕಡೆ ಹೋದಾಗಲೂ ಇದೇ ಪದ್ಧತಿ ನಡೆಯಿತು.

ನಿಂತ ಕೆಲಸ ಮತ್ತೆ ಸುರುವಾಗುವ ಹಿಂದಿನ ದಿನ ನಾನು ಸಿದ್ದಪ್ಪನ ಬಿಡಾರಕ್ಕೆ ಹೋದೆ. ಯಾವ ಹೊಲದಲ್ಲಿ ಯಾರ ಹಿಂಡು ಕೂತಿದೆ ಎಂದು ದೇಸಾಯಿಯವರ ನಕಾಶೆಗೆ ಗೊತ್ತಿಲ್ಲ, ಅವನಿಗೆ ಗೊತ್ತು. ದಿನಾ ಬೆಳಿಗ್ಗೆ ಹೇಳುತ್ತೀಯಾ ಎಂದು ಕೇಳಿದೆ. ಅವನು, 'ಹೇಳತೇನ್ರಿ. ಆದ್ರ ನಾ ನನ್ನ ಕುರಿ ಎಲ್ಲಾ ಎಣಿಸಿ ಕೈ ಎತ್ತೂತನಕ ನಿಮ್ಮ ಇಮಾನ ಎಣ್ಣಿ ಬಿಡಬಾರದು' ಎಂದ. ಕ್ಯಾಪ್ಟನ್ನರಿಗೆ ಹೇಳಿದೆ. ಒಪ್ಪಿಕೊಂಡರು.

ಮರುದಿನ ವಿಮಾನ ಎದ್ದಿತು, ಹೊಲದ ಮೇಲೆ ಎತ್ತರದಲ್ಲಿ ಖಾಲಿ ಸುತ್ತು ಹಾಕಿತು. ಸಿದ್ದಪ್ಪ ಹಿಂಡನ್ನು ದೂರದ ಹುಣಸೆಮರದ ಹಿಂದಕ್ಕೆ ಹೊಡೆದುಕೊಂಡು ಹೋಗಿದ್ದ. ನಾನು ಅವನ ಪಕ್ಕದಲ್ಲಿ ಕನ್ನಡಿ ಹಿಡಿದು ನಿಂತಿದ್ದೆ, ಅವನು ಕೈ ಎತ್ತಿದೊಡನೆ ಮಿಂಚಿಸಲು. ದೇಸಾಯಿಯವರು ಅಂದು ಮೊದಲ ಬಾರಿಗೆ ಬದುವಿಗೆ ಬಂದು ಗಡಿಯಾರ ನೋಡುತ್ತಾ ಪೆಟ್ರೋಲು, ಪೆಟ್ರೋಲು ಎಂದು ಗೊಣಗುತ್ತಿದ್ದರು. ಸಿದ್ದಪ್ಪ ಒಂದೊಂದು ಕುರಿಯ ಬೆನ್ನು ಮುಟ್ಟಿ ಎಣಿಸುತ್ತಿದ್ದ. ಒಂದು ಸಲವೂ ಮೇಲೆ ನೋಡಲಿಲ್ಲ. ಮುಗಿಯಿತು ಎನ್ನುವಷ್ಟರಲ್ಲಿ ಒಂದು ಮರಿ ತಾಯಿಯ ಹೊಟ್ಟೆಯ ಕೆಳಗಿನಿಂದ ಈ ಕಡೆ ನುಸುಳಿತು. ಅದನ್ನು ಎಣಿಸಿದ್ದೇನೋ ಇಲ್ಲವೋ ಎಂದು ಅವನಿಗೆ ಅನುಮಾನ ಬಂತು.

'ಎಣಿಕಿ ತಪ್ಪಿತ್ರಿ' ಎಂದು ನನಗೆ ಹೇಳಿ, ಮೊದಲ ಕುರಿಯ ಹತ್ತಿರ ಹೋಗಿ ಮತ್ತೆ ಒಂದು ಎಂದ. ಆ ಅಮೆರಿಕದ ವಿಮಾನ ತಲೆಯ ಮೇಲೆ ಇನ್ನೊಂದು ಸುತ್ತು ಹೊರಟಿತು.